ಹಿಮದ ಕಾಡಿನಲ್ಲಿ ಕೇಳಿದ ‘ರೀ’

ಸುಮ್ಮನಿರುವುದು ಒಂದು ವಿದ್ಯೆ; ಅದು ನನಗೆ ಒಲಿದಿಲ್ಲ. ಮನೆಯಿಂದಲೇ ಕೆಲಸ ಶುರುವಾದ ಮೇಲಂತೂ ಒಂದು ಮೀಟಿಂಗಿಗೂ ಇನ್ನೊಂದಕ್ಕೂ ನಡುವೆ ಫ್ರಿಜ್ ತೆಗೆದು ನೋಡುವುದು, ಮುಚ್ಚುವುದು, ಹೀಟಿಂಗ್ ಒಂದು ಡಿಗ್ರಿ ಏರಿಸುವುದು, ಇಳಿಸುವುದು, ಹೀಗೇ ದಿನ ಕಳೆಯುತ್ತೇನೆ. ಆದರೆ ತಪ್ಪು ನನ್ನದೆಂದು ಒಪ್ಪಿಕೊಳ್ಳುವ ಜಾಯಮಾನ ನನ್ನದಲ್ಲ. ಕಳೆದ ಶನಿವಾರ ಹೆಂಡತಿ ಸುಮಾಳ ಮೇಲೆ ರೇಗಿದೆ. “ಐದು ನಿಮಿಷಕ್ಕೊಂದ್ಸಲ ಕರೀತೀಯ. ಒಂದು ಗಂಟೆ ನೆಮ್ಮದಿಯಾಗಿ ಕೂತ್ಕೊಳ್ಳೋಕೆ ಬಿಡ್ತೀಯಾ?” ಅವಳು ಮೆಂತ್ಯ ಸೊಪ್ಪು ಬಿಡಿಸುತ್ತಾ ತಣ್ಣಗೆ ಹೇಳಿದಳು: “ಎಲ್ಲಾದ್ರೂ ಹೋಗಿ ಒಂದು ಗಂಟೆ ಒಬ್ರೇ ಇದ್ದು ಬನ್ನಿ, ನೋಡೋಣ. ನಾನು ಫೋನೂ ಮಾಡಲ್ಲ.”

ಇಷ್ಟಾದ ಮೇಲೆ ಹಿಂದೆ ಸರಿದರೆ ಮಾನ ಉಳಿಯುವುದುಂಟೆ? ಮೇಲಿನ ಮಹಡಿಯ ಗೆಳೆಯನಿಂದ ಸ್ನೋಶೂ ಎರವಲು ತಂದು, ಈ ಪರದೇಶದಲ್ಲಿ ನಮ್ಮೂರಾದ ಪಾರ್ಸಿಪನಿಯಿಂದ ಅರ್ಧ ಗಂಟೆ ಡ್ರೈವ್ ಮಾಡಿ, ಒಂದು ಕಾಡು ಸೇರಿದೆ. ಸ್ನೋಶೂ ಅಂದರೆ ಹಿಮದಲ್ಲಿ ಕಾಲು ಹೂತುಹೋಗದಂತೆ ಬೂಟಿನಡಿ ಕಟ್ಟಿಕೊಳ್ಳುವ ಮೊರದಂಥ ವಸ್ತು. ಕಾಲು ಅಗಲಿಸಿ ನಡೆಯದಿದ್ದರೆ ಎಡಗಾಲಿನ ಮೊರವನ್ನು ಬಲಗಾಲು ತುಳಿಯುತ್ತದೆ. ನಾನು ತುಳಿದೆ, ಬಿದ್ದೆ, ಎದ್ದೆ. ಸುತ್ತ ಎಲೆಯುದುರಿದ ಓಕ್ ಮರಗಳು, ಮೊಣಕಾಲುದ್ದ ಹಿಮ, ಒಂದು ನರಪಿಳ್ಳೆ ಇಲ್ಲ. ನೆಮ್ಮದಿ ಅಂದರೆ ಇದಪ್ಪಾ ಅಂದುಕೊಂಡು ಗಡಿಯಾರ ನೋಡಿದೆ. ಆರು ನಿಮಿಷ ಆಗಿತ್ತು.

ಕಾಡಿನಲ್ಲಿ ಮೌನವನ್ನು ಕೇಳಿಸಿಕೊಳ್ಳಬೇಕಂತೆ. ಕೇಳಿಸಿಕೊಂಡೆ, ಬೇಗ ಮುಗಿದುಹೋಯಿತು. ಆಮೇಲೆ ಕಾರು ಲಾಕ್ ಮಾಡಿದೆನೋ ಇಲ್ಲವೋ ಎಂಬ ಅನುಮಾನ ಬಂತು. ವಾಪಸು ಹೋಗಿ ನೋಡಿ ಬಂದೆ. ಲಾಕ್ ಆಗಿತ್ತು. ಕುಕ್ಕರಿನ ಗ್ಯಾಸ್ಕೆಟ್ ಸಡಿಲವಾಗಿದ್ದದ್ದು ನೆನಪಾಯಿತು. ಮೇಲಿನ ಅರೆಯ ಹುಣಸೆಹಣ್ಣಿನ ಡಬ್ಬ ಅವಳಿಗೆ ಎಟಕುವುದಿಲ್ಲ, ಯಾರು ತೆಗೆದುಕೊಡುತ್ತಾರೆ? ಹೀಗೆ ಒಂದೇ ಮರದ ಸುತ್ತ ಶತಪಥ ಹಾಕುತ್ತಿದ್ದಾಗ ತಿರುವಿನಾಚೆಯಿಂದ ಒಂದು ಹೆಣ್ಣುದನಿ ಕೇಳಿತು: “ರೀ...”

“ಬಂದೇ,” ಎಂದೆ. ಎಂದದ್ದಷ್ಟೇ ಅಲ್ಲ, ಓಡಿದೆ. ಅದು ಸುಮಾಳ ದನಿಯಲ್ಲವೆಂದು ಕಿವಿಗೆ ಗೊತ್ತಿತ್ತೋ ಏನೋ, ಕಾಲಿಗೆ ಗೊತ್ತಿರಲಿಲ್ಲ. ಹದಿನೆಂಟು ವರ್ಷದ ಅಭ್ಯಾಸ. ತಿರುವಿನಲ್ಲಿ ಮೊರದ ಮೇಲೆ ಮೊರ ಬಿತ್ತು. ನಾನು ಒಬ್ಬ ಅಪರಿಚಿತ ಹೆಂಗಸಿನ ಪಾದದ ಬಳಿ ಸಾಷ್ಟಾಂಗ ಬಿದ್ದೆ.

“ಅಯ್ಯ, ನಿಮಗಲ್ರೀ. ನಮ್ಮ ಮನಿಯವ್ರಿಗೆ ಕರದೆ. ಪೆಟ್ಟಾತೇನ್ರೀ?” ಎಂದರು ಆಕೆ. ಹತ್ತು ಮಾರು ಆಚೆ ಅವರ ಮನೆಯವರು ಕೋಲಿಗೆ ಒರಗಿ, ಕೊಂಬೆಯ ಮೇಲಿನ ಹಕ್ಕಿ ನೋಡುತ್ತಾ ನಿಂತಿದ್ದರು. ಆಕೆ ಇನ್ನೆರಡು ಸಲ ಕರೆದರೂ ಅವರು ಅಲ್ಲಾಡಲಿಲ್ಲ. ನೆಮ್ಮದಿ ಅಂದರೆ ಅದು.

ಸುಳ್ಳೇಕೆ ಹೇಳಲಿ, ಮಂಡಿಗಿಂತ ಹೆಚ್ಚು ನೋಯಿಸಿದ್ದು ಆ ‘ನಿಮಗಲ್ರೀ’. ಕುಂಟುತ್ತಾ ಕಾರಿಗೆ ಬಂದು, ಸ್ನೋಶೂ ಬಿಚ್ಚಿ ಫೋನು ನೋಡಿದೆ. ನಲವತ್ತು ನಿಮಿಷದಲ್ಲಿ ಒಂದು ಕರೆಯೂ ಬಂದಿರಲಿಲ್ಲ. ನಾನೇ ಮಾಡಿದೆ.

“ಏನಾದ್ರೂ ಬೇಕಿತ್ತಾ?”

“ಇಲ್ವಲ್ಲ.”

“ಹುಣಸೆಹಣ್ಣು?”

“ನಿಂಬೆಹಣ್ಣು ಹಿಂಡ್ದೆ,” ಎಂದಳು ಸುಮಾ. ಅವಳ ದನಿ ಅಷ್ಟು ಹಗುರವಾಗಿದ್ದದ್ದನ್ನು ನಾನು ಕೇಳಿ ಎಷ್ಟೋ ಕಾಲವಾಗಿತ್ತು. “ಮನೆ ಎಷ್ಟು ಶಾಂತವಾಗಿದೆ ಗೊತ್ತಾ? ಅವಸರ ಏನಿಲ್ಲ, ಇನ್ನೊಂದು ಗಂಟೆ ಇದ್ದೇ ಬನ್ನಿ.”

ಹೂಂ ಎಂದು, ಬಿಚ್ಚಿದ ಸ್ನೋಶೂ ಮತ್ತೆ ಕಟ್ಟಿಕೊಳ್ಳತೊಡಗಿದೆ.