ವಿನ್ಯಾಸ ಹಾಗೂ ಆಟದ ಕಂಪ್ಯೂಟರ್ ಖರೀದಿ ಪ್ರಕರಣ

ಸೂಚನಾ ಫಲಕಗಳ ಕಚೇರಿಯಲ್ಲಿ ಕಂಪ್ಯೂಟರ್ ಇರಲಿಲ್ಲ ಎಂಬ ಆರೋಪ ಸತ್ಯಕ್ಕೆ ದೂರವಾದುದು. ಕಂಪ್ಯೂಟರ್ ಇತ್ತು. ಬೆಳಿಗ್ಗೆ ಹತ್ತಕ್ಕೆ ಗುಂಡಿ ಒತ್ತಿದರೆ ಹತ್ತೂಮುಕ್ಕಾಲಿಗೆ ಅದು ಕಣ್ಣು ಬಿಡುತ್ತಿತ್ತು. ಬಾಣದ ಗುರುತೊಂದನ್ನು ಎಡಕ್ಕೆ ತಿರುಗಿಸು ಎಂದು ಹೇಳಿದರೆ ಊಟದ ಹೊತ್ತಿಗೆ ತಿರುಗಿಸಿಕೊಡುತ್ತಿತ್ತು. ಕೆಲವು ದಿನ ಬಲಕ್ಕೆ ತಿರುಗಿಸುತ್ತಿತ್ತು ಎನ್ನುವುದು ನಿಜ, ಆದರೆ ತಿರುಗಿಸುತ್ತಲೇ ಇರಲಿಲ್ಲ ಎಂದು ಯಾರೂ ಲಿಖಿತ ದೂರು ಕೊಟ್ಟಿರಲಿಲ್ಲ.

ಅದರ ಮುಂದೆ ಕೂರುತ್ತಿದ್ದವಳು ಕಚೇರಿಯ ವಿನ್ಯಾಸಕಿ. ಆರು ವರ್ಷಗಳಿಂದ ತಾತ್ಕಾಲಿಕ ನೌಕರಳು. ಅವಳ ಕುರ್ಚಿಯ ಬೆನ್ನಿಗೆ, ಮೇಜಿನ ಕಾಲಿಗೆ, ಚೀಲ ತೂಗುಹಾಕುವ ಮೊಳೆಗೆ ಕೂಡ 'ತಾತ್ಕಾಲಿಕ' ಎಂಬ ಚೀಟಿ ಅಂಟಿಸಲಾಗಿತ್ತು. ಆ ವರ್ಷದ ಮಧ್ಯದಲ್ಲಿ ಮುಖ್ಯಾಧಿಕಾರಿಗಳು ಅವಳನ್ನು ಕರೆದು, ವರ್ಷಾಂತ್ಯದೊಳಗೆ ಊರಿಗೆಲ್ಲ ಇನ್ನೂರ ಹನ್ನೆರಡು ಹೊಸ ಫಲಕಗಳು ಬೇಕೆಂದು ತಿಳಿಸಿದರು. ಅಷ್ಟೂ ಮುಗಿದರೆ ಅವಳು ಕಾಯಂ. ಆಗದಿದ್ದರೆ ಹುದ್ದೆಯೇ ರದ್ದು. ಅವಳು ಬೆರಳು ಮಡಿಸಿ ಲೆಕ್ಕ ಹಾಕಿದಳು. ಹಳೆಯ ಯಂತ್ರದಲ್ಲಿ ತಿಂಗಳಿಗೆ ಒಂದು ಫಲಕ ಮುಗಿಯುತ್ತಿತ್ತು.

"ಸರ್, ಹೊಸ ಕಂಪ್ಯೂಟರ್ ಬೇಕಾಗುತ್ತೆ."

"ಬೇಕಾದ್ದನ್ನ ಬರ್ದು ಕೊಡಮ್ಮ. ಬಜೆಟ್ ಒಳಗಿರಲಿ. ನಮ್ಮದು ಯಾವುದಕ್ಕೂ ಇಲ್ಲ ಅನ್ನೋ ಕಚೇರಿ ಅಲ್ಲ."

ಅದು ಅಕ್ಷರಶಃ ನಿಜ. ಇಲ್ಲ ಎಂದು ಹೇಳುವ ಅಧಿಕಾರ ಆ ಕಚೇರಿಯಲ್ಲಿ ಯಾರಿಗೂ ಇರಲಿಲ್ಲ.

ವಿನ್ಯಾಸಕಿಯ ತಂಗಿಗೆ ಮನೆಯ ಕೆಳಗೇ ಕಂಪ್ಯೂಟರ್ ರಿಪೇರಿ ಅಂಗಡಿ. ಡಬ್ಬಿ ಮುಚ್ಚಳಗಳಲ್ಲಿ ಸ್ಕ್ರೂಗಳನ್ನು ಅಳತೆವಾರು ವಿಂಗಡಿಸಿಟ್ಟು, ಹಲ್ಲಿನಲ್ಲಿ ಟಾರ್ಚು ಕಚ್ಚಿಕೊಂಡು ಕೆಲಸ ಮಾಡುವವಳು. ಮಾತು ಮಾತ್ರ ಟಾರ್ಚು ತೆಗೆದೇ ಆಡುತ್ತಿದ್ದಳು.

"ಅಕ್ಕಾ, ಕಮ್ಮಿ ದುಡ್ಡಿನ ಕಂಪ್ಯೂಟರ್ ಅಂದ್ರೆ ಕೂಡು ಕುಟುಂಬ ಇದ್ದ ಹಾಗೆ. ಒಬ್ಬರು ಜಾಸ್ತಿ ತಿಂದ್ರೆ ಇನ್ನೊಬ್ಬರು ಉಪವಾಸ. ಪ್ರೊಸೆಸರ್ ನಡುತರದ್ದು ಸಾಕು. ಅದಕ್ಕೆ ಹೊಂದೋ ಮದರ್‌ಬೋರ್ಡ್ ತಗೋ. ರ‍್ಯಾಮು ಎಂಟೆಂಟು ಜಿಬಿದು ಎರಡು, ಜೋಡೀಲಿದ್ರೇನೇ ಅದಕ್ಕೆ ಜೀವ. ಉಳಿದದ್ದನ್ನ ಗ್ರಾಫಿಕ್ಸ್ ಕಾರ್ಡಿಗೆ ಸುರಿ. ಪವರ್ ಸಪ್ಲೈಲಿ ಮಾತ್ರ ಜುಗ್ಗತನ ಮಾಡ್ಬೇಡ, ಅದು ಹೋದ್ರೆ ಪಕ್ಕದವರನ್ನೂ ಕರ್ಕೊಂಡು ಹೋಗುತ್ತೆ. ಹೊರಗಿನ ಡಬ್ಬ ಯಾವುದಾದ್ರೂ ನಡೆಯುತ್ತೆ. ಬಣ್ಣದ ದೀಪ ಬೇಡವೇ ಬೇಡ."

ಇಷ್ಟನ್ನೂ ತಂಗಿಯೇ ಒಂದು ಹಾಳೆಯಲ್ಲಿ ಬರೆದು, ಮೇಲೆ ದಪ್ಪಗೆ 'ಡಿಸೈನ್ ಕೆಲಸ ಮತ್ತು ಗೇಮಿಂಗ್‌ಗೆ ಬಜೆಟ್ ಕಂಪ್ಯೂಟರ್' ಎಂದು ತಲೆಬರಹ ಕೊಟ್ಟಳು.

"ಗೇಮಿಂಗ್ ಯಾಕೆ ಬರ್ದೆ ಮಾರಾಯ್ತಿ?"

"ಅಂಗಡೀಲಿ ಹಾಗಂದ್ರೇನೇ ಒಳ್ಳೇ ಕಾರ್ಡ್ ತೋರ್ಸೋದು. ಆಫೀಸಿಗೆ ಅಂದ್ರೆ ಮೂಲೇಲಿ ಧೂಳು ಹಿಡಿದಿರೋದನ್ನ ಒರೆಸಿ ಕೊಡ್ತಾರೆ. ಆಟ ಎಳೆಯೋ ಮೆಷಿನ್ನು ಡಿಸೈನನ್ನೂ ಎಳೆಯುತ್ತೆ."

ಆ ಪದವನ್ನು ಹೊಡೆದುಹಾಕಬೇಕೆಂದು ವಿನ್ಯಾಸಕಿಗೆ ಅನ್ನಿಸಿತು. ಆದರೆ ಹಾಳೆಯ ಅಂಚು, ಸಾಲುಗಳ ನಡುವಿನ ಜಾಗ, ಎಲ್ಲ ಹದವಾಗಿ ಬಂದಿತ್ತು. ಒಂದು ಪದ ಹೊಡೆದರೆ ಪುಟದ ಅಂದ ಕೆಡುತ್ತಿತ್ತು. ಅಂದ ಕೆಡಿಸುವುದು ಅವಳ ಕೈಯಲ್ಲಿ ಆಗುವ ಕೆಲಸವಲ್ಲ. ಹಾಗೇ ಕೊಟ್ಟುಬಿಟ್ಟಳು.

ಬಿಡಿಭಾಗಗಳ ಆಯ್ಕೆಗೆ ಮೂವರ ಸಮಿತಿ ರಚನೆಯಾಯಿತು. ಮುಖ್ಯಾಧಿಕಾರಿಗಳು ಅಧ್ಯಕ್ಷರು. ಲೆಕ್ಕಾಧಿಕಾರಿಗಳು ಮತ್ತು ಉಗ್ರಾಣದ ಮೇಡಂ ಸದಸ್ಯರು. ಉಗ್ರಾಣದ ಮೇಡಂ ಬಗ್ಗೆ ಒಂದು ಮಾತು ಹೇಳಬೇಕು. ಅವರ ಮೂವತ್ತು ವರ್ಷಗಳ ಸೇವೆಯಲ್ಲಿ ಉಗ್ರಾಣದೊಳಗೆ ಹೋದ ಯಾವ ವಸ್ತುವೂ ಹೊರಗೆ ಬಂದು ಹಾಳಾದ ಉದಾಹರಣೆ ಇರಲಿಲ್ಲ.

ಮೊದಲ ಸಭೆಯಲ್ಲೇ ಖರೀದಿ ನಿಯಮವೊಂದನ್ನು ಓದಿ ಹೇಳಲಾಯಿತು: "ಒಂದು ಯಂತ್ರದ ಎರಡು ಭಾಗಗಳು ಪರಸ್ಪರ ಹೊಂದುತ್ತವೆಂದು ಮುಂಚಿತವಾಗಿ ತಿಳಿದಿದ್ದಲ್ಲಿ ಅವುಗಳನ್ನು ಒಟ್ಟಿಗೆ ಕೊಳ್ಳತಕ್ಕದ್ದಲ್ಲ. ಹೊಂದಾಣಿಕೆಯು ಒಳಒಪ್ಪಂದದ ಮೊದಲ ಲಕ್ಷಣವಾಗಿರುತ್ತದೆ." ಆದ್ದರಿಂದ ಪ್ರೊಸೆಸರನ್ನು ಪೂರ್ವದ ಬೀದಿಯ ಅಂಗಡಿಯಿಂದಲೂ ಮದರ್‌ಬೋರ್ಡನ್ನು ಪಶ್ಚಿಮದ ಬೀದಿಯ ಅಂಗಡಿಯಿಂದಲೂ ತರಿಸಬೇಕೆಂದು, ಎರಡೂ ಅಂಗಡಿಯವರು ಒಬ್ಬರಿಗೊಬ್ಬರು ಪರಿಚಯವಿಲ್ಲವೆಂದು ಪ್ರಮಾಣಪತ್ರ ಕೊಡಬೇಕೆಂದು ತೀರ್ಮಾನವಾಯಿತು.

ಪವರ್ ಸಪ್ಲೈ ವಿಷಯ ಬಂದಾಗ ಲೆಕ್ಕಾಧಿಕಾರಿಗಳು ಕನ್ನಡಕ ಏರಿಸಿದರು. "ಕರೆಂಟು ಗೋಡೇಲೇ ಬರ್ತಾ ಇದೆ. ಗೋಡೆಗೂ ಕಂಪ್ಯೂಟರಿಗೂ ಮಧ್ಯೆ ಇದೊಂದು ಯಾಕೆ? ಮಧ್ಯವರ್ತಿಗಳ ಹಾವಳಿ ತಪ್ಪಿಸಬೇಕು ಅಂತ ಸುತ್ತೋಲೆನೇ ಇದೆ."

"ಸರ್, ಅದಿಲ್ಲದೆ ಮೆಷಿನ್ ಹತ್ತಲ್ಲ," ಎಂದಳು ವಿನ್ಯಾಸಕಿ.

"ಹಾಗಿದ್ರೆ ಸಣ್ಣದೊಂದು ತಗೊಳ್ಳೋಣ. ಶಾಸ್ತ್ರಕ್ಕೆ."

ರ‍್ಯಾಮ್ ಜೋಡಿಯನ್ನು ಸಮಿತಿ ಚರ್ಚೆಯಿಲ್ಲದೆ ಒಪ್ಪಿತು. ಒಂದನ್ನು ಯಂತ್ರಕ್ಕೂ ಇನ್ನೊಂದನ್ನು ಉಗ್ರಾಣಕ್ಕೂ ಹಂಚಲಾಯಿತು. "ಎರಡನ್ನೂ ಒಟ್ಟಿಗೆ ಬಳಸಿದ್ರೆ ಎರಡೂ ಒಟ್ಟಿಗೆ ಸವೆಯುತ್ತೆ," ಎಂದು ಉಗ್ರಾಣದ ಮೇಡಂ ತಾಯಿಯ ಕಾಳಜಿಯಿಂದ ಹೇಳಿದರು.

ಕೊನೆಗೆ ಡಬ್ಬದ ವಿಷಯಕ್ಕೆ ಅಧ್ಯಕ್ಷರು ಬಾಯಿ ಬಿಟ್ಟರು. "ನೋಡಿ, ತಪಾಸಣೆಗೆ ಬಂದೋರು ಡಬ್ಬ ಬಿಚ್ಚಿ ನೋಡಲ್ಲ. ಕಣ್ಣಿಗೆ ಕಾಣದ ಭಾಗಕ್ಕೆ ದುಡ್ಡು ಹಾಕಿ, ಆಮೇಲೆ ಏನು ತೋರ್ಸೋಣ?" ಹೀಗಾಗಿ ಗಾಜಿನ ಬದಿಯ, ಒಂಬತ್ತು ಬಣ್ಣದ ದೀಪಗಳ, ಆರು ಫ್ಯಾನುಗಳ ಡಬ್ಬವೊಂದು ಆಯ್ಕೆಯಾಯಿತು. ಗ್ರಾಫಿಕ್ಸ್ ಕಾರ್ಡ್ ಮಾತ್ರ ಪಟ್ಟಿಯಲ್ಲಿದ್ದುದೇ ಬಂತು. ಅದರ ರಟ್ಟಿನ ಪೆಟ್ಟಿಗೆಯ ಮೇಲೆ ಕತ್ತಿ ಹಿಡಿದ ಸಿಂಹವಿತ್ತು, ಅದು ಮೂವರಿಗೂ ಹಿಡಿಸಿತ್ತು.

ಭಾಗಗಳೆಲ್ಲ ಬಂದವು. ತಂಗಿಯನ್ನು ಜೋಡಣಾ ತಜ್ಞೆಯೆಂದು ಗೌರವದಿಂದ ಕರೆಸಲಾಯಿತು. ಅವಳು ಪ್ರೊಸೆಸರನ್ನು ಬೋರ್ಡಿನ ಪಕ್ಕ ಇಟ್ಟು ನೋಡಿ, ಟಾರ್ಚನ್ನು ಬಾಯಿಂದ ತೆಗೆದಳು.

"ಇದು ಇದರ ಮೇಲೆ ಕೂರಲ್ಲ ಸರ್. ಪಿನ್ನುಗಳೇ ಬೇರೆ."

"ಕೂರ್ಸಿ. ಹೊಸದರಲ್ಲಿ ಎಲ್ಲರಿಗೂ ಹಾಗೇ," ಎಂದರು ಮುಖ್ಯಾಧಿಕಾರಿಗಳು. "ನಾನು ಈ ಹುದ್ದೆಗೆ ಬಂದಾಗ ನಂಗೂ ಕೂತ್ಕೊಳ್ಳೋಕೆ ಆಗ್ತಿರ್ಲಿಲ್ಲ."

"ಒತ್ತಿದ್ರೆ ಮುರಿಯುತ್ತೆ."

"ಒತ್ತಬೇಡಿ. ಒಂದು ನೋಟಿಸ್ ಕೊಡೋಣ."

ಪ್ರೊಸೆಸರಿಗೆ ಮೂರು ದಿನಗಳ ನೋಟಿಸ್ ಹೊರಡಿಸಲಾಯಿತು. ಅಷ್ಟರಲ್ಲಿ ತಂಗಿ, ಬೋರ್ಡಿನ ಧೂಳು ಒರೆಸಿ ತರುತ್ತೇನೆಂದು ಹೇಳಿ ಎಲ್ಲವನ್ನೂ ಅಂಗಡಿಗೆ ಹೊತ್ತುಕೊಂಡು ಹೋದಳು. ದೀಪದ ಫ್ಯಾನುಗಳಲ್ಲಿ ನಾಲ್ಕನ್ನು ಕಳಚಿ, ದೀಪದ ಹುಚ್ಚಿದ್ದ ಗಿರಾಕಿಯೊಬ್ಬನಿಗೆ ಕೊಟ್ಟು, ಅವನಿಂದ ಗಟ್ಟಿ ಪವರ್ ಸಪ್ಲೈಯನ್ನೂ ಹೊಂದುವ ಬೋರ್ಡನ್ನೂ ಪಡೆದಳು. ಉಗ್ರಾಣದಲ್ಲಿದ್ದ ರ‍್ಯಾಮನ್ನು ತರುವುದು ಮಾತ್ರ ಅವಳಿಂದಲೂ ಆಗಲಿಲ್ಲ. ತನ್ನ ಕಂಪ್ಯೂಟರಿನದನ್ನೇ ಬಿಚ್ಚಿ ಹಾಕಿದಳು. ನಾಲ್ಕನೆಯ ದಿನ ಯಂತ್ರ ಕಚೇರಿಗೆ ಮರಳಿತು. ನೋಟಿಸ್ ಕೆಲಸ ಮಾಡಿದೆ ಎಂದು ಕಡತದಲ್ಲಿ ದಾಖಲಾಯಿತು.

ಗುಂಡಿ ಒತ್ತಿದ ಹನ್ನೊಂದನೆಯ ಸೆಕೆಂಡಿಗೆ ಪರದೆ ಬೆಳಗಿತು. ವಿನ್ಯಾಸಕಿ ಬಾಣವೊಂದನ್ನು ಎಡಕ್ಕೆ ತಿರುಗಿಸಿದಳು. ಕೈ ತೆಗೆಯುವ ಮೊದಲೇ ಅದು ತಿರುಗಿತ್ತು. ಅವಳಿಗೆ ಅಳು ಬಂತು. ಇಷ್ಟು ವರ್ಷ ತನ್ನ ಕೈಯೇ ನಿಧಾನವೆಂದು ಅವಳು ನಂಬಿಬಿಟ್ಟಿದ್ದಳು. ವರ್ಷಾಂತ್ಯಕ್ಕೆ ಇನ್ನೂ ಮೂರು ತಿಂಗಳಿತ್ತು, ದಿನಕ್ಕೆ ಮೂರು ಫಲಕ ಮಾಡಿದರೂ ಸಾಕಿತ್ತು.

"ಮುಟ್ಟಬೇಡಿ," ಎಂದರು ಲೆಕ್ಕಾಧಿಕಾರಿಗಳು. "ಇನ್ನೂ ಪರೀಕ್ಷೆ ಆಗಿಲ್ಲ."

ಮರುದಿನ ಪ್ರಕಟಣೆ ಹೊರಬಿತ್ತು.

"ಸಿಬ್ಬಂದಿಯ ಗಮನಕ್ಕೆ. ಹೊಸ ಕಂಪ್ಯೂಟರನ್ನು ಎರಡು ಉದ್ದೇಶಗಳಿಗಾಗಿ ಖರೀದಿಸಿರುವುದು ಕಡತದಿಂದ ಕಂಡುಬಂದಿರುತ್ತದೆ. ಅಕಾರಾದಿ ಕ್ರಮದಲ್ಲಿ ಆಟವು ವಿನ್ಯಾಸಕ್ಕಿಂತ ಮೊದಲು ಬರುವುದರಿಂದ, ಮೊದಲು ಆಟದ ಪರೀಕ್ಷೆ ನಡೆಸತಕ್ಕದ್ದು. ಕಾರು ಓಟದ ಆಟದ ಹನ್ನೆರಡೂ ಹಂತಗಳನ್ನು ಸಿಬ್ಬಂದಿ ಸೇವಾ ಹಿರಿತನದ ಪ್ರಕಾರ ಪೂರೈಸಿದ ನಂತರ ಯಂತ್ರವನ್ನು ವಿನ್ಯಾಸ ಶಾಖೆಗೆ ಹಸ್ತಾಂತರಿಸಲಾಗುವುದು. ಮೇಲಧಿಕಾರಿಗಳು ದಾಟದ ಹಂತವನ್ನು ಕೆಳಗಿನವರು ದಾಟತಕ್ಕದ್ದಲ್ಲ."

ಮುಖ್ಯಾಧಿಕಾರಿಗಳು ಮೊದಲ ಮೂರು ಹಂತಗಳನ್ನು ಒಂದೇ ವಾರದಲ್ಲಿ ದಾಟಿದರು. ನಾಲ್ಕನೆಯದು ಬೆಟ್ಟದ ರಸ್ತೆ. ಅಲ್ಲಿ ಅವರ ಕಾರು ನಿಂತಿತು, ನಿಂತಿತು ಎನ್ನುವುದಕ್ಕಿಂತ ಬೀಳುತ್ತಾ ಹೋಯಿತು. ಲೆಕ್ಕಾಧಿಕಾರಿಗಳು ತಮ್ಮ ಸರದಿಯಲ್ಲಿ ಹನ್ನೆರಡನೆಯ ಹಂತಕ್ಕೂ ತಯಾರಿದ್ದರು, ಆದರೆ ನಾಲ್ಕನೆಯದರ ಕೊನೆಯ ಗೆರೆಯ ಬಳಿ ಬಂದಾಗಲೆಲ್ಲ ವಿಧೇಯತೆಯಿಂದ ಪ್ರಪಾತಕ್ಕೆ ಇಳಿಯುತ್ತಿದ್ದರು. ಉಗ್ರಾಣದ ಮೇಡಂ ಕಾರು ಸವೆಯುತ್ತದೆಂದು ಓಡಿಸಲೇ ಇಲ್ಲ.

ವಿನ್ಯಾಸಕಿ ತಾನೇ ಹೋಗಿ ಮುಖ್ಯಾಧಿಕಾರಿಗಳ ಪಕ್ಕ ನಿಂತಳು. ಅವರು ಆ ಹಂತ ದಾಟಿದರೆ ಕಚೇರಿಯೇ ದಾಟಿದ ಹಾಗೆ.

"ಎಡಕ್ಕೆ ಸರ್, ಎಡಕ್ಕೆ. ಮುಂದೆ ತಿರುವಿದೆ ಅಂತ ಬೋರ್ಡಿದೆ ನೋಡಿ."

"ಬೋರ್ಡ್ ನೋಡ್ತಾ ಕೂತ್ರೆ ಗಾಡಿ ಓಡಿಸೋದು ಯಾವಾಗಮ್ಮ?" ಎನ್ನುತ್ತಾ ಅವರು ಆ ಫಲಕವನ್ನೇ ಗುದ್ದಿ ಕಣಿವೆಗೆ ಹೋದರು. ಹೀಗೆ ಎರಡು ತಿಂಗಳು ಹೋಯಿತು.

ವಿನ್ಯಾಸಕಿ ಕೈಕಟ್ಟಿ ಕೂರಲಿಲ್ಲ. ಹಳೆಯ ಯಂತ್ರದ ಮುಂದೆ ಕೂತು, ದೊಡ್ಡಾಸ್ಪತ್ರೆಯ ತಿರುವಿಗೆ ಒಂದು ಫಲಕ ಮಾಡಿದಳು. ನೀಲಿ ನೆಲ, ಬಿಳಿ ಬಾಣ, ಕಣ್ಣೀರು ತುಂಬಿದ ಕಣ್ಣಿಗೂ ಕಾಣುವಷ್ಟು ದಪ್ಪ ಅಕ್ಷರ. ಅವಸರದಲ್ಲಿ ಬಂದವರು ಓದಬೇಕಾಗಬಾರದು, ನೋಡಿದರೆ ಸಾಕಾಗಬೇಕು, ಅಷ್ಟೇ ಅವಳ ಆಸೆ. ಅಷ್ಟರಲ್ಲಿ ವರ್ಷ ಮುಗಿಯಿತು.

ಕಂಬಗಳೂ ಬಿಳಿ ಬಳಿದ ತಗಡುಗಳೂ ಸಿದ್ಧವಾಗಿದ್ದವು. ಗುತ್ತಿಗೆದಾರ, ಗಡುವಿನ ದಿನ ನಿಲ್ಲಿಸುವುದು ತನ್ನ ಕರಾರು, ಬರೆಯುವುದು ತನ್ನ ಕರಾರಲ್ಲ ಎಂದ. ಇನ್ನೂರ ಹನ್ನೊಂದು ಖಾಲಿ ಫಲಕಗಳೂ ಬರೆದ ಒಂದು ಫಲಕವೂ ಊರಿನ ತುಂಬ ನಿಂತವು.

"ಹೋಯ್ತು ಕೆಲಸ," ಎಂದು ವಿನ್ಯಾಸಕಿ ಮನೆಗೆ ಬಂದು ಕುಸಿದು ಕೂತಳು. ತಂಗಿ ಬಂದು ಅವಳ ಪಕ್ಕ ಕೂತಳು. ಅವರಮ್ಮ, "ಆರು ವರ್ಷದ ತಾತ್ಕಾಲಿಕನೇ ಇಷ್ಟು ಸುಸ್ತು ಮಾಡಿದೆ. ಕಾಯಂ ಆಗಿದ್ರೆ ಏನು ಗತಿಯಿತ್ತೋ," ಎಂದು ಸಮಾಧಾನ ಹೇಳಿದರು.

ಆದರೆ ಹದಿನೈದು ದಿನಕ್ಕೆ ಸಂಚಾರ ವಿಭಾಗದಿಂದ ಅಭಿನಂದನಾ ಪತ್ರ ಬಂತು. ಖಾಲಿ ಫಲಕ ಕಂಡ ಚಾಲಕರು, ಏನೋ ಬರೆದಿರಬೇಕು ತಮಗೆ ಮಾತ್ರ ಕಾಣುತ್ತಿಲ್ಲವೆಂದು ಗಾಬರಿಯಾಗಿ ವೇಗ ತಗ್ಗಿಸುತ್ತಿದ್ದರು. ಕೆಲವರು ಇಳಿದು ಹತ್ತಿರ ಹೋಗಿ ನೋಡುತ್ತಿದ್ದರು. ಕಣ್ಣಿನ ವೈದ್ಯರ ಬಳಿ ಸರದಿ ಬೆಳೆದಿತ್ತು, ಅಪಘಾತ ಇಳಿದಿತ್ತು. ಹೊಸ ಫಲಕಗಳು ಸ್ಪಷ್ಟವಾಗಿವೆ, ಯಾರ ಭಾವನೆಗೂ ಧಕ್ಕೆ ತಂದಿಲ್ಲ ಎಂದು ನಾಗರಿಕರು ಮೆಚ್ಚಿ ಪತ್ರ ಬರೆದರು. ಇಂಥ ಸರಳ ವಿನ್ಯಾಸಕ್ಕೆ ಹೊಸ ಕಂಪ್ಯೂಟರೇ ಕಾರಣವೆಂದು ಮುಖ್ಯಾಧಿಕಾರಿಗಳು ಸಭೆಯಲ್ಲಿ ಸಾರಿದರು. ಪರೀಕ್ಷೆ ಮುಂದುವರಿಯಲೆಂದು ಮೇಲಿನಿಂದ ಆದೇಶವೂ ಬಂತು.

ವಿನ್ಯಾಸಕಿಯನ್ನು ಕರೆದು ಕಾಯಂ ಆದೇಶವನ್ನು ಮೇಜಿನ ಮೇಲಿಟ್ಟರು. ಇನ್ನೂರ ಹನ್ನೊಂದು ಫಲಕಗಳ ವಿನ್ಯಾಸಕ್ಕೆ ಅವಳನ್ನು ಹೊಗಳಲಾಗಿತ್ತು.

"ಒಂದೇ ಒಂದು ತಕರಾರಿದೆಯಮ್ಮ. ದೊಡ್ಡಾಸ್ಪತ್ರೆ ಹತ್ರದ್ದು. ಅದರಲ್ಲಿ ಏನೋ ಇದೆಯಂತೆ. ಜನ ಗೊಂದಲಕ್ಕೆ ಬೀಳ್ತಿದ್ದಾರೆ. ಉಳಿದ ಕಡೆ ಇಲ್ಲದ್ದು ಇಲ್ಲಿ ಯಾಕೆ ಅಂತ. ಅದೊಂದು ಸರಿಮಾಡಿ ಬಾ, ಸಹಿ ಹಾಕ್ತೀನಿ."

"ಅದೊಂದೇ ನಾನು ಮಾಡಿದ್ದು ಸರ್."

"ಎಲ್ಲರೂ ತಪ್ಪು ಮಾಡ್ತಾರಮ್ಮ. ನಾವು ಅದನ್ನ ದೊಡ್ಡದು ಮಾಡಲ್ಲ."

ಅವಳು ಆದೇಶದ ಹಾಳೆಯನ್ನು ನೋಡಿದಳು. ಅಮ್ಮನ ಮುಖ ನೆನಪಾಯಿತು, ತಂಗಿ ತನ್ನ ಯಂತ್ರದಿಂದ ಬಿಚ್ಚಿ ಕೊಟ್ಟ ರ‍್ಯಾಮ್ ನೆನಪಾಯಿತು. ಬಿಳಿ ಬಣ್ಣದ ಡಬ್ಬಿಗೆ ಸಹಿ ಮಾಡಲು ಉಗ್ರಾಣಕ್ಕೆ ಹೋದಳು. ಆಶ್ಚರ್ಯವೆಂದರೆ ಉಗ್ರಾಣದ ಮೇಡಂ ತಕ್ಷಣ ಕೊಟ್ಟರು.

ಮಧ್ಯಾಹ್ನ ಆಸ್ಪತ್ರೆಯ ತಿರುವಿನಲ್ಲಿ ಏಣಿ ಹತ್ತಿ, ಮೊದಲು ಅಕ್ಷರಗಳ ಮೇಲೆ, ಆಮೇಲೆ ಬಾಣದ ಮೇಲೆ ಬಣ್ಣ ಎಳೆದಳು. ಆಗಲೂ ಅಂಚಿನಲ್ಲಿ ಬಣ್ಣ ಸೋರದಂತೆ ಹದವಾಗಿಯೇ ಬಳಿದಳು, ಕೈಗೆ ಬೇರೆ ರೀತಿ ಗೊತ್ತಿರಲಿಲ್ಲ. ಕೆಳಗೆ ಒಂದು ಕಾರು ಗಕ್ಕನೆ ನಿಂತಿತು. ಹಿಂದಿನ ಸೀಟಿನಲ್ಲಿ ತುಂಬು ಬಸುರಿಯೊಬ್ಬಳು ಬಾಗಿಲಿನ ಹಿಡಿ ಹಿಡಿದು ನರಳುತ್ತಿದ್ದಳು. ಗಂಡ ತಲೆ ಹೊರಹಾಕಿದ.

"ಮೇಡಂ, ಆಸ್ಪತ್ರೆ ಯಾವ ಕಡೆ?"

"ಎಡಕ್ಕೆ, ಎಡಕ್ಕೆ ಹೋಗಿ. ಬೇಗ," ಎಂದು ಅವಳು ಏಣಿಯ ಮೇಲಿಂದ ಕುಂಚ ಹಿಡಿದ ಕೈಯನ್ನು ಚಾಚಿ ತೋರಿಸಿದಳು.

ಆತ ಅವಳ ಕೈ ನೋಡಿದ. ಕೈಯ ಹಿಂದೆ ಹಸಿಬಣ್ಣದಲ್ಲಿ ಹೊಳೆಯುತ್ತಿದ್ದ ಬಿಳಿ ಫಲಕವನ್ನೂ ನೋಡಿದ. ಅವನ ಮುಖದಲ್ಲಿ ನಾಚಿಕೆ ಮೂಡಿತು.

"ಅಯ್ಯೋ, ಕ್ಷಮಿಸಿ ಮೇಡಂ. ಇಷ್ಟು ದೊಡ್ಡ ಬೋರ್ಡ್ ಹಾಕಿದೀರಿ, ನಾನು ನೋಡದೇ ಕೇಳ್ಬಿಟ್ಟೆ," ಎಂದು ಹೇಳಿ ಕಾರನ್ನು ಎಡಕ್ಕೆ ತಿರುಗಿಸಿದ.