ಶೀನಪ್ಪನವರ ಕೋವಿಯೂ ಸಂಜೆಯ ಕದಿನವೂ

ಹರಿಣಾಕ್ಷಿ: ಈಡು ತುಂಬಿಸಿದ ಕೋವಿಯನ್ನು ಬಸ್ಸಿನಲ್ಲಿ ತಂದದ್ದು ಯಾರು? ನಾನಾ?

ಶೀನಪ್ಪ (ಹೆಂಡತಿಗೆ): ಸ್ವಲ್ಪ ಮೆಲ್ಲ ಮಾತಾಡು ಮಾರಾಯ್ತಿ. ಗೋಡೆಯ ಆಚೆ ಪೋಕರ್ ಬ್ಯಾರಿಗಳು ಕೂತಿದ್ದಾರೆ.

ಪೋಕರ್ (ಗೋಡೆಯ ಆಚೆಯಿಂದ): ಕೂತಿದ್ದೇನೆ. ಕೇಳಿಯೂ ಆಯಿತು.

ಶೀನಪ್ಪನವರು ಪುತ್ತೂರು ಪೇಟೆಯಲ್ಲಿ ಮನೆ ಕಟ್ಟಿ, ಪುರಸಭೆಗೆ ಗೆದ್ದು, ಎದೆ ಸ್ವಲ್ಪ ಮುಂದೆ ಮಾಡಿಕೊಂಡೇ ನಡೆಯುವವರು. ಬೆಟ್ಟಂಪಾಡಿಯ ತೋಟಕ್ಕೆ ಹಂದಿ ಬರುತ್ತದೆಂದು ಅಜ್ಜನ ಕಾಲದ ಕೇಪಿನ ಕೋವಿಯೊಂದಕ್ಕೆ ಲೈಸನ್ಸ್ ಇಟ್ಟುಕೊಂಡಿದ್ದರು. ನಿನ್ನೆ ನಳಿಗೆಗೆ ಮದ್ದು, ಚರೆ ಜಡಿದು ತೋಟದಲ್ಲಿ ಕಾದರು. ಹಂದಿ ಬರಲಿಲ್ಲ, ಕೊನೆಯ ಬಸ್ಸು ಬಂತು. ಕೋವಿಯನ್ನು ಗೋಣಿಯಲ್ಲಿ ಸುತ್ತಿ ಹಾಗೆಯೇ ಹತ್ತಿಬಿಟ್ಟರು.

ಈ ಜಾತಿಯ ಕೋವಿ ಬಹಳ ಮೊಂಡು. ಒಮ್ಮೆ ತುಂಬಿಸಿದರೆ ಹೊಡೆದೇ ಖಾಲಿ ಮಾಡಬೇಕು. ನಾಳೆ ಬೆಳಿಗ್ಗೆ ಲೈಸನ್ಸ್ ನವೀಕರಣಕ್ಕೆ ತಾಲೂಕು ಕಚೇರಿಯಲ್ಲಿ ಕೋವಿ ತೋರಿಸಬೇಕಿತ್ತು. ತುಂಬಿದ ಕೋವಿ ಹಿಡಿದು ಹೋದರೆ ಲೈಸನ್ಸ್ ಉಳಿಯುವುದಿಲ್ಲ. ಪೇಟೆಯೊಳಗೆ ಹೊಡೆದರೂ ಉಳಿಯುವುದಿಲ್ಲ. ಪೇಟೆಯ ಗಡಿಯೊಳಗೆ ಯಾರೂ ಕೋವಿ ಹೊಡೆಯಕೂಡದು, ಶಬ್ದ ಕೇಳಿದವರು ಕೂಡಲೇ ಠಾಣೆಗೆ ತಿಳಿಸತಕ್ಕದ್ದು ಎಂಬ ಠರಾವನ್ನು ಮೇಜು ಕುಟ್ಟಿ ಪಾಸು ಮಾಡಿಸಿದ ಮಹಾನುಭಾವರು ಬೇರೆ ಯಾರೂ ಅಲ್ಲ, ಇದೇ ಶೀನಪ್ಪನವರು.

ಹರಿಣಾಕ್ಷಿ: ಪುನಃ ಬೆಟ್ಟಂಪಾಡಿಗೆ ತೆಗೆದುಕೊಂಡು ಹೋಗಿ ಹೊಡೆದು ಬನ್ನಿ.

ಶೀನಪ್ಪ: ಬಸ್‌ಸ್ಟ್ಯಾಂಡಿನಲ್ಲಿ ಇವತ್ತು ಪೊಲೀಸರು ಚೀಲ ಬಿಚ್ಚಿಸಿ ನೋಡುದಂತೆ.

ಹರಿಣಾಕ್ಷಿ: ಹಾಗಾದರೆ ನಳಿಗೆಗೆ ಒಂದು ಚೆಂಬು ನೀರು ಹೊಯ್ಯಿರಿ. ಮದ್ದು ಚಂಡಿಯಾದರೆ ಮುಗಿಯಿತಲ್ಲ.

ಶೀನಪ್ಪ: ಅಜ್ಜನ ಕೋವಿಗೆ ನೀರು ಹೊಯ್ಯುದಾ? ಎಂತ ಮಾತಾಡ್ತಿ ನೀನು?

ಹರಿಣಾಕ್ಷಿ: ಅಜ್ಜನ ಬಾಯಿಗೂ ಕಡೆಗೆ ನೀರೇ ಬಿಟ್ಟದ್ದು.

ಪೋಕರ್ ಗೋಡೆಯ ಮೇಲೆ ಎರಡೂ ಕೈ ಊರಿ ತಲೆ ತೋರಿಸಿದರು. ಪೇಟೆಯಲ್ಲಿ ಒಣಮೀನಿನ ಅಂಗಡಿ ಇಟ್ಟವರು. ರಂಝಾನಿನ ಉಪವಾಸ, ಅವರ ಮಾತಿನಲ್ಲಿ ನೋಂಬು. ಆದ್ದರಿಂದ ಮಧ್ಯಾಹ್ನದ ಮೇಲೆ ಅಂಗಡಿ ಮುಚ್ಚಿ ಜಗಲಿಯಲ್ಲಿ ಹೊತ್ತು ಕಳೆಯುತ್ತಿದ್ದರು. ಹೊತ್ತು ಕಳೆಯಲು ಶೀನಪ್ಪನವರ ಮನೆಯಷ್ಟು ಒಳ್ಳೆಯದು ಇನ್ನೊಂದಿಲ್ಲ.

ಶೀನಪ್ಪ: ಬ್ಯಾರಿಗಳೇ, ಹಿತ್ತಿಲ ಮಣ್ಣಿನ ದರೆಗೆ ಒಂದೇ ಒಂದು ಈಡು ಬಿಡ್ತೇನೆ. ನೀವು ಕೇಳಲಿಲ್ಲ ಅಂತ ಇರಿ.

ಪೋಕರ್: ಅದು ಹೇಗೆ ಆಗ್ತದೆ ಶೀನಪ್ಪಣ್ಣ? ಕೇಳಿದವರು ತಿಳಿಸಬೇಕು ಅಂತ ಬರೆಸಿದ್ದು ನೀವೇ. ನೋಂಬು ಹಿಡಿದವ ಸುಳ್ಳು ಹೇಳ್ಲಿಕ್ಕೂ ಇಲ್ಲ.

ಶೀನಪ್ಪ: ಆ ಹೊತ್ತಿಗೆ ಕಿವಿಗೆ ಹತ್ತಿ ಇಟ್ಟುಕೊಳ್ಳಿ.

ಪೋಕರ್: ನಾನು ಇಟ್ಟುಕೊಳ್ತೇನೆ. ಇಡೀ ಓಣಿಗೆ ಹತ್ತಿ ಹಂಚುದು ಯಾರು? ಅದಕ್ಕೂ ಒಂದು ಠರಾವು ಮಾಡ್ತೀರಾ?

ಶೀನಪ್ಪನವರು ಜಗಲಿಯಲ್ಲಿ ಕುಸಿದು ಕುಳಿತರು. ಲೈಸನ್ಸ್ ಹೋದರೆ ಅಜ್ಜನ ಕೋವಿ ಶಾಶ್ವತವಾಗಿ ಸರಕಾರದ ಪಾಲು. ಅಪ್ಪ ಸಾಯುವಾಗ ತೋಟ ನೋಡಿಕೋ ಅನ್ನಲಿಲ್ಲ, ಕೋವಿ ನೋಡಿಕೋ ಅಂದಿದ್ದರು. ಅದನ್ನು ಹೇಳುತ್ತ ಅವರು ಕೋವಿಯ ಹಿಡಿಯನ್ನು ಪಂಚೆಯ ತುದಿಯಿಂದ ಒರೆಸಿದರು. ಪೋಕರಿಗೆ ಪಾಪ ಅನ್ನಿಸಿತು. ಪಾಪ ಅನ್ನಿಸಿದಾಗಲೆಲ್ಲ ಅವರು ಒಂದು ಉಪಾಯ ಹೇಳುತ್ತಿದ್ದರು. ಎಲ್ಲ ತೊಂದರೆ ಶುರುವಾಗುವುದು ಅಲ್ಲಿಂದಲೇ.

ಪೋಕರ್: ನೋಂಬು ಬಿಡುವ ಹೊತ್ತಿಗೆ ನಮ್ಮ ಮಸೀದಿಯಲ್ಲಿ ಕದಿನ ಹೊಡೆಯುದು ಉಂಟಲ್ಲ? ಕಬ್ಬಿಣದ ಕುಟ್ಟಿಯಲ್ಲಿ ಮದ್ದು ಜಡಿದು ಬೆಂಕಿ ಕೊಟ್ಟರೆ ಅದೂ ಢಂ ಅಂತ ಹೇಳ್ತದೆ, ನಿಮ್ಮ ಕೋವಿಯೂ ಢಂ ಅಂತ ಹೇಳ್ತದೆ. ಎರಡೂ ಒಟ್ಟಿಗೆ ಆದರೆ ಊರಿಗೆ ಕೇಳುದು ಒಂದೇ.

ಶೀನಪ್ಪ (ಎದ್ದು ನಿಂತು): ಭಾರೀ ತಲೆ ಮಾರಾಯ್ರೆ ನಿಮ್ಮದು.

ಹರಿಣಾಕ್ಷಿ: ಕದಿನ ಕೇಳಿದ ಮೇಲೆ ಹೊಡೆದರೆ ಎರಡು ಶಬ್ದ ಆಗ್ತದೆ.

ಶೀನಪ್ಪ: ಕೇಳಿ ಹೊಡೆಯುವವ ದಡ್ಡ. ನಾನು ವಾಚು ನೋಡಿ ಹೊಡೆಯುದು. ರೇಡಿಯೋ ವಾರ್ತೆಗೆ ಸರಿ ಮಾಡಿದ ಎಚ್ಚೆಮ್ಟಿ ಇದು.

ಹರಿಣಾಕ್ಷಿ: ಮಸೀದಿಯವರು ಅವರ ಗಡಿಯಾರ ನೋಡುದು, ನಿಮ್ಮ ಕೈ ನೋಡುದಲ್ಲ.

ಶೀನಪ್ಪನವರು ವಾಚಿಗೆ ಕೀ ಕೊಟ್ಟರು. ಪುರಸಭೆಯಲ್ಲಿಯೂ ಸರಿಯಾದ ಪ್ರಶ್ನೆಗೆ ಅವರು ಉತ್ತರ ಕೊಟ್ಟದ್ದು ಕಡಿಮೆ.

ಹೊತ್ತು ಕಂತುವಾಗ ಅವರು ಹಿತ್ತಿಲಿಗೆ ಹೋಗಿ, ಗೋಡೆಯಂತೆ ನಿಂತ ಮಣ್ಣಿನ ದರೆಗೆ ಗುರಿ ಹಿಡಿದು, ವಾಚು ಕಾಣುವಂತೆ ತೋಳು ಮಡಚಿಕೊಂಡು ನಿಂತರು. ಆಚೆ ಪೋಕರ್ ಮತ್ತು ಅವರ ಹೆಂಡತಿ ಬೀಫಾತುಮ್ಮ ಖರ್ಜೂರ, ನೀರು ಮುಂದಿಟ್ಟು ಕುಳಿತರು. ಓಣಿ ನಿಶ್ಶಬ್ದವಾಗಿತ್ತು. ಢಂ ಎಂದಿತು. ಒಂದೇ ಶಬ್ದ, ಗಡದ್ದಾಗಿ. ಶೀನಪ್ಪನವರು ಭುಜ ಉಜ್ಜಿಕೊಳ್ಳುತ್ತ ಹೆಂಡತಿಯತ್ತ ತಿರುಗಿ, ನೋಡಿದಿಯಾ ಎಂಬಂತೆ ಹುಬ್ಬು ಹಾರಿಸಿದರು.

ಆಮೇಲೆ ಮಸೀದಿಯ ಕಡೆಯಿಂದ ಇನ್ನೊಂದು ಢಂ ಎಂದಿತು. ಅದರ ಹಿಂದೆಯೇ ನಮಾಜಿಗೆ ಕರೆಯುವ ಬಾಂಗು ಕೇಳಿತು.

ಗೋಡೆಯ ಮೇಲೆ ಪೋಕರ್ ಅವರ ತಲೆ ಮೂಡಿತು. ಬಾಯಿಯಲ್ಲಿ ಖರ್ಜೂರದ ಬೀಜವಿತ್ತು.

ಪೋಕರ್: ಶೀನಪ್ಪಣ್ಣ, ಮೊದಲಿನದ್ದು ಯಾರದ್ದು?

ಶೀನಪ್ಪ: ನೀವು... ತಿಂದಿರಾ?

ಪೋಕರ್: ಒಂದೇ ಶಬ್ದ ಕೇಳಿತಲ್ಲ, ಎರಡೂ ಸರಿಯಾಗಿ ಒಟ್ಟಿಗೆ ಬಿತ್ತು, ಶೀನಪ್ಪಣ್ಣ ಗೆದ್ದರು ಅಂತ ಖುಷಿಯಲ್ಲಿ ಬಾಯಿಗೆ ಹಾಕಿದೆ. ಬೆಳಗ್ಗಿನಿಂದ ಹಿಡಿದ ನೋಂಬು ಹೋಯಿತು.

ಹರಿಣಾಕ್ಷಿ: ಅಯ್ಯೋ. ಬೀಫಾತುಮ್ಮನವರದ್ದು?

ಪೋಕರ್: ಅವಳಿಗೆ ನಮ್ಮ ಉಪಾಯ ಗೊತ್ತಿರ್ಲಿಲ್ಲ. ಬಾಂಗು ಆಗಲಿಲ್ಲವಲ್ಲ ಅಂತ ಸುಮ್ಮನೆ ಕೂತಳು. ಓಣಿಯವರೂ ಹಾಗೆಯೇ. ತಿಂದದ್ದು ಉಪಾಯ ಹೇಳಿದವ ಒಬ್ಬನೇ.

ಶೀನಪ್ಪನವರ ಮುಖ ಸಣ್ಣದಾಯಿತು. ಕೋವಿಯನ್ನು ದರೆಗೆ ಒರಗಿಸಿ ಗೋಡೆಯ ಹತ್ತಿರ ಬಂದರು.

ಶೀನಪ್ಪ: ಠಾಣೆಗೆ ಹೋಗ್ತೀರಾ ಬ್ಯಾರಿಗಳೇ? ಹೋದರೂ ನಾನು ಬೇಡ ಅಂತ ಹೇಳುದಿಲ್ಲ. ಕೋವಿ ಹೋದರೆ ಹೋಗ್ಲಿ. ನಿಮ್ಮ ನೋಂಬು ಹಾಳು ಮಾಡಿದ್ದು ನನಗೆ ತಡೆಯುದಿಲ್ಲ.

ಪೋಕರ್: ಹೋಗಿ ಎಂತ ಬರೆಸುದು? ಹೊಡೆದವ ನೀವು, ಹೇಳಿಕೊಟ್ಟವ ನಾನು. ಇಬ್ಬರನ್ನೂ ಒಂದೇ ಬೆಂಚಿನಲ್ಲಿ ಕೂರಿಸ್ತಾರೆ. ಓಣಿಯವರು ಇವತ್ತು ಕದಿನ ಎರಡು ಸಲ ಯಾಕೆ ಅಂತ ಕೇಳ್ತಿದ್ದಾರೆ. ಕೇಳ್ಲಿ. ನನಗೆ ಹಬ್ಬ ಕಳೆದ ಮೇಲೆ ಒಂದು ನೋಂಬು ಹಿಡಿದು ತೀರಿಸ್ಲಿಕ್ಕೆ ಉಂಟು, ಅಷ್ಟೆ.

ಶೀನಪ್ಪ: ಹಾಗಾದರೆ ಆ ದಿನ ನಾನೂ ಹಿಡಿಯುದು. ನೀರೂ ಮುಟ್ಟುದಿಲ್ಲ. ಒಟ್ಟಿಗೆ ಬಿಡುವ.

ಪೋಕರ್ ಬೀಜ ಉಗುಳಿದರು. ಬೈಯಬೇಕೆಂದು ತಂದಿದ್ದ ಮಾತೂ ಅದರೊಂದಿಗೆ ಹೋಯಿತು. ಗೋಡೆಯ ಮೇಲಿಂದ ಕೈ ಚಾಚಿ ಗೆಳೆಯನ ನೋಯುವ ಭುಜವನ್ನೇ ಹುಡುಕಿ ತಟ್ಟಿದರು.

ಪೋಕರ್: ಆದರೆ ಹಬ್ಬ ಕಳೆದ ಮೇಲೆ ಕದಿನ ಇಲ್ಲ. ನಾವಿಬ್ಬರೂ ಬಾಂಗಿಗೆ ಕಿವಿ ಕೊಟ್ಟು ಕೂರಬೇಕು.

ಶೀನಪ್ಪನವರ ಕಣ್ಣು ತನ್ನಷ್ಟಕ್ಕೆ ದರೆಗೊರಗಿದ ಕೋವಿಯ ಕಡೆ ಹೋಯಿತು.

ಶೀನಪ್ಪ: ಕದಿನ ಇಲ್ಲದಿದ್ದರೆ ಎಂತ, ಬೇಕಾದರೆ ನಾನು...

ಹರಿಣಾಕ್ಷಿ ಅಷ್ಟರಲ್ಲಿ ಕೋವಿಯನ್ನು ಎತ್ತಿಕೊಂಡು, ಗಂಡನ ಕೈಯಿಂದ ವಾಚನ್ನೂ ಬಿಚ್ಚಿಕೊಂಡಿದ್ದರು.

ಹರಿಣಾಕ್ಷಿ: ನೀವು ಬೇಡ. ಬಾಂಗು ಕೇಳಿದ ಮೇಲೆ ನಾನು ಬಟ್ಟಲು ಬಡಿದು ಕರೆಯುತ್ತೇನೆ. ಪೇಟೆಯೊಳಗೆ ಬಟ್ಟಲು ಬಡಿಯಬಾರದು ಅಂತ ನಿಮ್ಮ ಠರಾವಿನಲ್ಲಿ ಇಲ್ಲವಲ್ಲ.