ಬಂಡೆಯ ಮೇಲಿನ ಧ್ಯಾನ

ನಾನು ಆಸೆಬುರುಕನಲ್ಲ ಎಂದು ಬಹಳ ಕಾಲ ನಂಬಿದ್ದೆ. ಮದುವೆ ಮನೆಯಲ್ಲಿ ಮೊದಲ ಪಂಕ್ತಿಗೆ ನುಗ್ಗುವವನಲ್ಲ, ಎರಡನೇ ಮುದ್ದೆಯನ್ನು ಬಾಯಿಬಿಟ್ಟು ಕೇಳುವವನಲ್ಲ. ಇಂಥ ನಾನು, ಸತ್ಯಮಂಗಲದ ಕಾಡಂಚಿನ ಜೀರಹಳ್ಳಿ ಕಡೆಯ ಶಾಲೆಯೊಂದರ ಕನ್ನಡ ಮೇಷ್ಟ್ರು, ಸಹೋದ್ಯೋಗಿಯೊಬ್ಬರ ಮಾತು ಕೇಳಿ ಬಿಟ್‌ಕಾಯಿನ್ ಕೊಂಡೆ. ಇಡೀ ಕಾಯಿನ್ ಅಲ್ಲ, ಅದರ ಚೂರಿನ ಚೂರು. ಅದೂ ಹೋಗಲಿ. ಕೊಂಡದ್ದು ನನ್ನ ಹೆಂಡತಿ ಗೌರಮ್ಮ ಹಾಲು ಮಾರಿ ಕೂಡಿಟ್ಟು, ಜೋಪಾನವಾಗಿಡಿ ಎಂದು ನನ್ನ ಕೈಗೆ ಕೊಟ್ಟಿದ್ದ ದುಡ್ಡಿನಲ್ಲಿ. ಅವಳಿಗೆ ಹೇಳಿರಲಿಲ್ಲ.

ನಮ್ಮ ಮನೆಯಲ್ಲಿ ಫೋನಿಗೆ ಸಿಗ್ನಲ್ ಇಲ್ಲ. ಅದು ಸಿಗುವುದು ಊರಾಚೆಯ ಬಂಡೆಯ ಮೇಲೆ ಮಾತ್ರ. ದಿನಾ ಬೆಳಿಗ್ಗೆ ಆನೆ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಅಲ್ಲಿಗೆ ಹೋಗಿ, ಶಾಲು ಹೊದ್ದು, ತಲೆ ತಗ್ಗಿಸಿ ಕಾಯಿನ್ನಿನ ದರ ನೋಡುತ್ತ ಕೂರುತ್ತಿದ್ದೆ. ದೂರದಿಂದ ಕಂಡವರು ಮೇಷ್ಟ್ರು ಧ್ಯಾನಕ್ಕೆ ಕೂರುತ್ತಾರೆ ಎಂದರು. ನಾನು ಅಲ್ಲವೆನ್ನಲಿಲ್ಲ. ಗೌರಮ್ಮ, ನಾನು ವಾಪಸಾಗುವ ಹೊತ್ತಿಗೆ ಬಿಸಿ ಕಾಫಿ ಮಾಡಿಡತೊಡಗಿದಳು. ಆ ಕಾಫಿ ಗಂಟಲಲ್ಲಿ ಇಳಿಯುತ್ತಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಇಳಿಯುತ್ತಿತ್ತು, ಸ್ವಲ್ಪ ನಾಚಿಕೊಂಡು.

ಅಷ್ಟರಲ್ಲಿ ತರಗತಿಯಲ್ಲಿ ಬುದ್ಧನ ಪಾಠ ಬಂತು. ದುಃಖಕ್ಕೆಲ್ಲ ಆಸೆಯೇ ಕಾರಣವೆಂದು ಮಕ್ಕಳಿಗೆ ಹೇಳುವಾಗ ನನ್ನ ಕೈ ತಾನಾಗಿ ಜೇಬಿನ ಫೋನು ಮುಟ್ಟಿ ನೋಡಿತು. ಈ ಕಾಯಿನ್ ಇಟ್ಟುಕೊಂಡವನು ಬುದ್ಧನ ಮಾತು ಆಡಬಹುದೇ ಎಂಬ ಪ್ರಶ್ನೆ ಅಂದಿನಿಂದ ಕೊರೆಯತೊಡಗಿತು.

ಒಮ್ಮೆ ಸತ್ಯಮಂಗಲದಿಂದ ಬರುವಾಗ ಬಸ್ಸು ಘಾಟಿ ಹತ್ತಿ ದಿಂಬಂನಲ್ಲಿ ಟೀಗೆ ನಿಂತಿತು. ಪಕ್ಕದಲ್ಲಿ ಒಡೆಯರಪಾಳ್ಯದ ಟಿಬೆಟನ್ ಕ್ಯಾಂಪಿನ ವಯಸ್ಸಾದ ಭಿಕ್ಷು ನಿಂತಿದ್ದರು. ತಡೆಯಲಾಗದೆ ನನ್ನ ಮೇಷ್ಟ್ರಗಿರಿ, ಕಾಯಿನ್ನು ಎಲ್ಲವನ್ನೂ ಹೇಳಿಕೊಂಡು, ಇದನ್ನು ಇಟ್ಟುಕೊಳ್ಳಬಹುದೇ ಎಂದು ಕೇಳಿಬಿಟ್ಟೆ. ಮೋಹ, ತ್ಯಾಗ ಎಂದೆಲ್ಲ ದೊಡ್ಡ ಚರ್ಚೆಗೆ ಸಿದ್ಧನಾಗಿದ್ದೆ. ಅವರು ಟೀ ಊದಿಕೊಂಡು, "ಇಟ್ಕೊಳ್ಳೋದು, ಬಿಡೋದು ಆಮೇಲೆ ಮೇಷ್ಟ್ರೇ. ಮನೇಲಿ ಗೊತ್ತಾ?" ಎಂದರು.

ಅಂದು ಸಂಜೆ ಗೌರಮ್ಮ ಹಾಲು ಕರೆಯುತ್ತಿದ್ದಳು. ಹಸುವಿನ ಈಚೆ ನಿಂತು ಎಲ್ಲ ಒಪ್ಪಿಸಿದೆ. ಹಸು ನಮ್ಮಿಬ್ಬರ ನಡುವೆ ಇದ್ದದ್ದು ಧೈರ್ಯ ಕೊಟ್ಟಿತು. ಅವಳು ಕೈ ನಿಲ್ಲಿಸಲಿಲ್ಲ.

"ಧ್ಯಾನ ಮಾಡೋರು ಪೋನ್‌ಗ ಚಾರ್ಜ್ ಆಕ್ಕಂಡು ಓಯ್ತಾರಾ? ನಂಗ ಮೊದ್ಲೇ ಗೊತ್ತಿತ್ತು ಕಣ. ನೀವೇ ಯೋಳ್ಲಿ ಅಂತ ಸುಮ್ನಿದ್ದೆ."

ಮತ್ತೆ ಕಾಫಿ ಯಾಕೆ ಇಟ್ಟೆ ಎಂದೆ.

"ಚಳೀಲಿ ಕುಂತಿದ್ದು ಬತ್ತಿದ್ರಲ್ಲ, ಅದ್ಕ. ದುಡ್ಡು ಇದ್ದಂಗೇ ಇರ್ಲಿ ಬುಡಿ. ನೋಡ್ಕಂಡು ಕುಂತ್ರ ಅಸ ಆಲು ಜಾಸ್ತಿ ಕೊಟ್ಟದಾ?"

ಮೂವತ್ತು ವರ್ಷ ಪಾಠ ಹೇಳಿದವನಿಗೆ ಕೊಟ್ಟಿಗೆಯಲ್ಲಿ ಪಾಠವಾಯಿತು. ಬೈಯಬಹುದಾಗಿತ್ತು, ಬೈಯಲಿಲ್ಲ. ಆ ಭಿಕ್ಷುವಿಗೂ ಇವಳಿಗೂ ನಾನು ಋಣಿ. ಇವಳಿಗೆ ಒಂದು ಕೈ ಹೆಚ್ಚೇ.

ಮರುದಿನ ಫೋನನ್ನು ಮನೆಯಲ್ಲೇ ಬಿಟ್ಟು ಬಂಡೆಗೆ ಹೋದೆ. ಇಷ್ಟು ದಿನ ಊರವರು ಕೊಟ್ಟ ಮರ್ಯಾದೆಗಾದರೂ ನಿಜವಾಗಿ ಧ್ಯಾನ ಮಾಡೋಣವೆಂದು ಕಣ್ಣು ಮುಚ್ಚಿದೆ. ಕಣ್ಣು ಬಿಟ್ಟಾಗ ತಾಳಮಲೆಯ ಕಾಡು ಕಂಡರೆ, ಮುಚ್ಚಿದಾಗ ಕಾಯಿನ್ ದರದ ಏರಿಳಿತದ ಗೀಟೇ ಕಾಣುತ್ತಿತ್ತು. ಅರ್ಧ ಗಂಟೆ ಹೆಣಗಿ ಮನೆಗೆ ಬಂದೆ. ಕಾಫಿ ಸಿದ್ಧವಾಗಿತ್ತು. ಧ್ಯಾನ ಹೇಗಾಯಿತೆಂದು ಗೌರಮ್ಮ ಕೇಳಿದಳು.

"ನಿನ್ನೆಗಿಂತ ಸ್ವಲ್ಪ ಇಳಿದಿದೆ" ಎಂದೆ.